ಕಿತ್ತ ಕಳೆಯ ಲೆಕ್ಕ

ಬ್ಯಾಂಕಿನ ಗುಮಾಸ್ತನಿಗೆ ವಾರವಿಡೀ ಪರರ ಲೆಕ್ಕ ಬರೆಯುವ ಕೆಲಸ. ಭಾನುವಾರವೊಂದೇ ಅವನ ಸ್ವಂತದ್ದು. ಆ ಭಾನುವಾರವನ್ನು ನಾನು ಕಳೆ ಕೀಳುವುದರಲ್ಲಿ ಕಳೆಯುತ್ತೇನೆ. ಹೀಗೆಂದರೆ ಸಹೋದ್ಯೋಗಿಗಳು ನಗುತ್ತಾರೆ. ‘ಅದಕ್ಕೆ ಜನ ಸಿಗುವುದಿಲ್ಲವೇ?’ ಎನ್ನುತ್ತಾರೆ. ಜನ ಸಿಗುತ್ತಾರೆ. ಕೂಲಿ ಕೊಟ್ಟರೆ ಅರ್ಧ ದಿನದಲ್ಲಿ ಹಿತ್ತಿಲು ಬೋಳಾಗುತ್ತದೆ. ಆದರೆ ಕೆಲಸ ಮುಗಿದ ಮೇಲೆ ಅವರು ಕೇಳುವ ಪ್ರಶ್ನೆ ಒಂದೇ: ‘ಇದನ್ನು ಎಲ್ಲಿಗೆ ಬಿಸಾಡುವುದು ಸಾರ್?’ ಒಂದು ಕಾಲದಲ್ಲಿ ನಾನೂ ಇದೇ ಪ್ರಶ್ನೆ ಕೇಳುತ್ತಿದ್ದವನೇ. ಅದಕ್ಕೆ ಉತ್ತರ ಸಿಕ್ಕಿದ ಕಥೆ ನನಗೆ ತುಸು ನಾಚಿಕೆಯದು. ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿ, ಕೊನೆಗೆ ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ಕಾಸರಗೋಡು ಪೇಟೆಯಿಂದ ಸ್ವಲ್ಪ ಒಳಗೆ, ಮುರಕಲ್ಲಿನ ದಿಣ್ಣೆಯೊಂದರ ಇಳಿಜಾರಿನಲ್ಲಿ. ಹದಿನೈದು ಸೆಂಟ್ಸ್ ಜಾಗ. ನಾಲ್ಕು ತೆಂಗು, ಒಂದು ಹಲಸು, ಬೇಲಿಗೆ ಗೊಬ್ಬರದ ಗಿಡ, ಅಡುಗೆಕೋಣೆಯ ಹಿಂದೆ ಬಸಳೆಯ ಚಪ್ಪರ. 2012ರಲ್ಲಿ ಸಾಲ ಮಾಡಿ ಕಟ್ಟಿಸಿದ ಮನೆ. ಹೊಸ ಮನೆ ಕಟ್ಟಿದವರಿಗೆಲ್ಲ ಬರುವ ರೋಗ ನನಗೂ ಬಂದಿತ್ತು: ಅಂಗಳದಲ್ಲಿ ಒಂದು ಹುಲ್ಲಿನ ಎಸಳು ಕಂಡರೂ ಸಹಿಸುತ್ತಿರಲಿಲ್ಲ.

ಅಪ್ಪ ನಮ್ಮಲ್ಲಿಗೆ ಬಂದದ್ದು 2014ರಲ್ಲಿ. ಪೆರ್ಲದ ಕಡೆಯ ಅಡಿಕೆ ತೋಟವೊಂದರಲ್ಲಿ ಎಪ್ಪತ್ತು ವರ್ಷ ಬದುಕಿದವರು. ಅಮ್ಮ ಅದಾಗಲೇ ತೀರಿಹೋಗಿದ್ದರು. ಮನೆ ಪಾಲಾಯಿತು, ತೋಟ ಬೇರೆಯವರ ಕೈ ಸೇರಿತು. ಬರುವಾಗ ಬಟ್ಟೆಬರೆಯ ಜೊತೆಗೆ ಅವರು ತಂದದ್ದು ಮೂರೇ ವಸ್ತು: ಒಂದು ಕತ್ತಿ, ಹಾಳೆಯ ಒಂದು ಮುಟ್ಟಾಳೆ, ಬಟ್ಟೆ ಹರಿದುಹೋದ ಒಂದು ಕೊಡೆ. ‘ಈ ಕೊಡೆ ಎಂತಕ್ಕಪ್ಪಾ?’ ಎಂದು ಕೇಳಿದರೆ ‘ಇರಲಿ’ ಎಂದರು. ಅದರ ಉಪಯೋಗ ನನಗೆ ತಿಳಿದದ್ದು ಎರಡು ವರ್ಷಗಳ ಮೇಲೆ.

ಅಪ್ಪನ ತೋಟದಲ್ಲಿ ಕಸ ಎಂಬ ವಸ್ತುವೇ ಇರಲಿಲ್ಲ. ಕುಮ್ಕಿ ಎಂದರೇನೆಂದು ನಮ್ಮ ಹಿರಿಯರಿಗೆ ಹೇಳಬೇಕಾಗಿಲ್ಲ. ಈಗಿನ ಮಕ್ಕಳಿಗೆ ಹೇಳಬೇಕು. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ತಾಲೂಕು. ಆ ಜಿಲ್ಲೆಯ ಪದ್ಧತಿಯಂತೆ ವರ್ಗದ ಜಾಗಕ್ಕೆ ತಾಗಿಕೊಂಡ ಸರಕಾರಿ ಗುಡ್ಡದಲ್ಲಿ 45 ಕೋಲು ದೂರದವರೆಗೆ ಸೊಪ್ಪು, ತರಗೆಲೆ, ಕಟ್ಟಿಗೆ ತರುವ ಅನುಕೂಲ ರೈತನಿಗಿತ್ತು. ಗುಡ್ಡದ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ಅಡಿಕೆಯ ಬುಡಕ್ಕೆ, ತೋಟದ ಹುಲ್ಲು ಮತ್ತೆ ಹಸುವಿನ ಬಾಯಿಗೆ. ಎಲ್ಲವೂ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು. ಅಂಥ ಕಡೆಯಿಂದ ಹಟ್ಟಿಯಿಲ್ಲದ, ಗುಡ್ಡವಿಲ್ಲದ ಹದಿನೈದು ಸೆಂಟ್ಸಿಗೆ ಬಂದ ಮನುಷ್ಯ ಮೊದಲ ಎರಡು ವರ್ಷ ಹೆಚ್ಚು ಮಾತಾಡಲಿಲ್ಲ. ವಯಸ್ಸಾಯಿತಲ್ಲ, ಅದಕ್ಕೆ ಎಂದುಕೊಂಡಿದ್ದೆ.

ಇನ್ನು ನನ್ನ ಪದ್ಧತಿ ಕೇಳಿ. ಕಿತ್ತ ಕಳೆಯನ್ನು ಗೋಣಿಯಲ್ಲಿ ತುಂಬಿ, ಕತ್ತಲಾದ ಮೇಲೆ ಗೇಟಿನ ಹೊರಗೆ ಎಳೆದುಕೊಂಡು ಹೋಗಿ ರಸ್ತೆ ಬದಿಯ ಕಣಿಗೆ ಸುರಿಯುತ್ತಿದ್ದೆ. ಕತ್ತಲಾದ ಮೇಲೆಯೇ ಯಾಕೆ ಎಂದು ನನ್ನನ್ನು ಕೇಳಬೇಡಿ.

2016ರ ಆಟಿ ತಿಂಗಳು, ಮಲಯಾಳದವರ ಕರ್ಕಡಗಂ. ಒಂದು ಭಾನುವಾರ ರಾತ್ರಿಯಿಡೀ ಮಳೆ ಹೊಡೆಯಿತು. ಬೆಳಗ್ಗೆ ಗೇಟಿನ ಬಳಿ ನೆರೆಮನೆಯ ಟೀಚರ್ ನಿಂತಿದ್ದರು. ಪಯ್ಯನ್ನೂರು ಕಡೆಯವರು, ಶಾಲೆಯಿಂದ ನಿವೃತ್ತರಾಗಿ ಒಬ್ಬರೇ ಇರುವವರು. ‘ಸಾರೇ, ವೆಳ್ಳಂ ಮುಟ್ಟತ್ತ್ ಕಯರಿ’ ಎಂದರು. ನೀರು ಅಂಗಳಕ್ಕೆ ಏರಿದೆ ಎಂದು. ಕಣಿಯಲ್ಲಿ ಏನೋ ಸಿಕ್ಕಿಕೊಂಡಿದೆ, ಪಂಚಾಯತಿಗೆ ಹೇಳಬೇಕೋ ಏನೋ ಎಂದರು. ಅವರ ಬಾವಿಕಟ್ಟೆಯ ತನಕ ಕೆಂಪು ನೀರು ನಿಂತಿರುವುದು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ನಾನು ಹೇಳಿದ ಮಾತು ಇವತ್ತಿಗೂ ನೆನಪಿದೆ: ‘ಯಾರೋ ಏನೋ ಬಿಸಾಡಿರಬೇಕು ಟೀಚರೇ. ನಾನೇ ಪಂಚಾಯತಿಗೆ ಫೋನ್ ಮಾಡುತ್ತೇನೆ.’

ಹಿಂದೆ ಜಗಲಿಯಲ್ಲಿ ಅಪ್ಪ ಕುಳಿತಿದ್ದರು. ಅಷ್ಟು ಮಲಯಾಳ ಅವರಿಗೆ ಅರ್ಥವಾಗುತ್ತಿತ್ತು.

ಸೋಮವಾರವಾದ್ದರಿಂದ ನಾನು ಸ್ನಾನ ಮಾಡಿ, ಪ್ಯಾಂಟು ಶರಟು ಹಾಕಿ, ಬುತ್ತಿ ಹಿಡಿದು ಹೊರಗೆ ಬಂದೆ. ಎಪ್ಪತ್ತೆರಡು ವರ್ಷದ ಅಪ್ಪ ಮುಟ್ಟಾಳೆ ಇಟ್ಟುಕೊಂಡು ಕಣಿಯೊಳಗೆ ಮೊಣಕಾಲು ಮಟ್ಟದ ನೀರಿನಲ್ಲಿ ನಿಂತಿದ್ದರು. ಉಬ್ಬಿ ಕಪ್ಪಗಾದ ನನ್ನ ಕಳೆಯನ್ನು ಎರಡು ಕೈಗಳಿಂದ ಬಾಚಿ ಬಾಚಿ ಬುಟ್ಟಿಗೆ ಹಾಕುತ್ತಿದ್ದರು. ಟೀಚರ್ ಅವರ ತಲೆಯ ಮೇಲೆ ಕೊಡೆ ಹಿಡಿದಿದ್ದರು. ‘ಅಚ್ಛನ್ ಇದೆಲ್ಲ ಮಾಡಬೇಕಾಗಿಲ್ಲ’ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಅಪ್ಪ ತನಗೆ ಬರುವ ಹರಕು ಮಲಯಾಳಕ್ಕೆ ಕನ್ನಡ ಸೇರಿಸಿ, ‘ಟೀಚರೇ, ಇದ್ ಞಙ್ಙಳೆ ಸೊಪ್ಪು’ ಎಂದರು. ಇದು ನಮ್ಮ ಸೊಪ್ಪು. ಅಷ್ಟೇ ಹೇಳಿ ಬುಟ್ಟಿಯನ್ನು ಹೊತ್ತುಕೊಂಡು ನನ್ನ ಎದುರಿನಿಂದಲೇ ಒಳಗೆ ಹೋದರು. ನನ್ನ ಮುಖ ನೋಡಲಿಲ್ಲ.

ಆ ದಿನ ಕೌಂಟರಿನಲ್ಲಿ ನಾನು ಎರಡು ಸಲ ನೋಟು ತಪ್ಪಾಗಿ ಎಣಿಸಿದೆ.

ಸಂಜೆ ಊಟದ ಹೊತ್ತಿಗೆ ಅಪ್ಪ ಬಾಯಿ ಬಿಟ್ಟರು. ‘ಅಲ್ಲ ಮಾರಾಯ, ಬ್ಯಾಂಕಿನಲ್ಲಿ ಒಬ್ಬನ ದುಡ್ಡನ್ನು ಬೇರೆಯವನ ಖಾತೆಗೆ ಹಾಕಿದರೆ ಎಂತ ಆಗ್ತದೆ?’

‘ಕೆಲಸಕ್ಕೇ ಸಂಚಕಾರ ಬರ್ತದೆ.’

‘ಹಾಗಾದರೆ ಹಿತ್ತಿಲಿನದ್ದನ್ನು ಕಣಿಗೆ ಹಾಕಿದ್ದು ಯಾವ ಲೆಕ್ಕ?’

ನಾನು ಸುಳ್ಳು ಹೇಳಿದ್ದನ್ನು ಅವರು ಎತ್ತಲೇ ಇಲ್ಲ. ಕೈ ತೊಳೆದವನೇ ಟೀಚರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ‘ಅರಿಯಾಂ ಸಾರೇ’ ಎಂದರು. ಗೊತ್ತು ಎಂದು. ‘ರಾತ್ರಿ ಗೋಣಿ ಎಳೆಯುವ ಸದ್ದು ಕೇಳುತ್ತದಲ್ಲ.’

ಮುಂದಿನ ಭಾನುವಾರ ಅಪ್ಪ ಹಲಸಿನ ಮರದ ಅಡಿಯಲ್ಲಿ ಮೂರೂವರೆ ಅಡಿ ಚೌಕದ ಜಾಗ ಗುರುತು ಮಾಡಿದರು. ಅಡಿಗೆ ತೆಂಗಿನ ಸಿಪ್ಪೆ, ಗೊಬ್ಬರದ ಗಿಡದ ಒಣ ಕೋಲು. ನೀರು ಬಸಿಯಬೇಕು, ಗಾಳಿಯೂ ಆಡಬೇಕು. ಅದರ ಮೇಲೆ ಒಂದು ಗೇಣು ಹಸಿ ಕಳೆ, ಎರಡು ಗೇಣು ತರಗೆಲೆ, ಒಂದು ಚೆಂಬು ಸೆಗಣಿ ನೀರು. ಮತ್ತೆ ಹಸಿ, ಮತ್ತೆ ಒಣಗಿದ್ದು, ಮತ್ತೆ ಸೆಗಣಿ. ಹಸಿಯೇ ಹೆಚ್ಚಾದರೆ ಕೊಳೆತು ನಾರುತ್ತದೆ. ಒಣಗಿದ್ದೇ ಹೆಚ್ಚಾದರೆ ವರ್ಷವಾದರೂ ಹಾಗೆಯೇ ಬಿದ್ದಿರುತ್ತದೆ. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ತೇವ ಕಾಣಬೇಕು, ನೀರು ತೊಟ್ಟಿಕ್ಕಬಾರದು. ರಾಶಿ ಸೊಂಟದಷ್ಟಾದರೂ ಎತ್ತರ ಬರಬೇಕು. ಗಿಡ್ಡ ರಾಶಿಗೆ ಕಾವು ಬರುವುದಿಲ್ಲ. ಮಳೆಗಾಲವಾದ್ದರಿಂದ ಮೇಲೆ ಮಡಲು ಹೊದಿಸಿ ಪ್ಲಾಸ್ಟಿಕ್ ಹಾಳೆಯ ಮಾಡು.

ಹರಿದ ಕೊಡೆಯ ಉಪಯೋಗ ಆಗ ತಿಳಿಯಿತು. ಅದರ ಕಬ್ಬಿಣದ ಕಡ್ಡಿಯೊಂದನ್ನು ಮುರಿದು ಅಪ್ಪ ರಾಶಿಯ ನಡುವಿಗೆ ಚುಚ್ಚಿದರು. ನಾಲ್ಕನೆಯ ದಿನ ಎಳೆದು ನನ್ನ ಕೈಗೆ ಕೊಟ್ಟರು. ಹಿಡಿದುಕೊಳ್ಳಲಾಗಲಿಲ್ಲ, ಅಷ್ಟು ಸುಡುತ್ತಿತ್ತು. ರಾಶಿಯ ಒಡಲಿನಲ್ಲಿ 55ರಿಂದ 60 ಡಿಗ್ರಿಯಷ್ಟು ಕಾವು ಕೆಲವು ದಿನ ನಿಂತರೆ ಹೆಚ್ಚಿನ ಕಳೆಬೀಜಗಳು ಸಾಯುತ್ತವೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಅಪ್ಪನಿಗೆ ಡಿಗ್ರಿ ಬೇಕಾಗಿರಲಿಲ್ಲ. ಕಡ್ಡಿ ಸುಟ್ಟರೆ ಆಗುತ್ತಾ ಇದೆ, ಬೆಚ್ಚಗಾದರೆ ಮಗುಚಬೇಕು, ಮಗುಚಿದರೂ ತಣ್ಣಗೇ ಉಳಿದರೆ ಆಯಿತು ಎಂದು ಲೆಕ್ಕ. ಮಗುಚುವಾಗ ಹೊರಗಿನದು ಒಳಗೆ ಹೋಗಬೇಕು, ಏಕೆಂದರೆ ಅಂಚಿನಲ್ಲಿರುವ ಬೀಜಕ್ಕೆ ಕಾವು ತಾಗಿರುವುದಿಲ್ಲ.

ಆದರೆ ಎಲ್ಲ ಕಳೆಯೂ ರಾಶಿಗೆ ಹೋಗುವಂತಿರಲಿಲ್ಲ. ಅಪ್ಪ ಅವುಗಳನ್ನು ಕಿತ್ತಲ್ಲೇ ವಿಂಗಡಿಸುತ್ತಿದ್ದರು. ಹೂ ಬಿಡದ ಮೆತ್ತನೆಯ ಹುಲ್ಲು, ನಾಚಿಕೆಮುಳ್ಳಿನ ಎಳೆಯ ಗಿಡ, ಇವು ಎಲ್ಲಿಗೂ ಹೋಗುವುದು ಬೇಡ; ಬೇರಿನ ಮಣ್ಣು ಕೊಡವಿ ತೆಂಗಿನ ಬುಡ ಬಿಡಿಸಿದಲ್ಲಿ ಹರಡಿದರೆ ಸಾಕು. ಬೀಜ ಕಟ್ಟಿದ್ದು ರಾಶಿಯ ನಟ್ಟನಡುವಿಗೆ. ಬೇಸಿಗೆಯಾದರೆ ಅದನ್ನು ಸುಡುಮಣ್ಣಿಗೆ ಹಾಕುತ್ತಿದ್ದರು: ಕಡ್ಡಿ ಕಸದ ಮೇಲೆ ಮಣ್ಣು ಮುಚ್ಚಿ, ಉರಿಯೇಳದಂತೆ ಒಳಗೊಳಗೇ ಎರಡು ಮೂರು ದಿನ ಬೇಯಿಸುವುದು. ಬಸಳೆ, ಅಲಸಂಡೆಯ ಸಾಲಿಗೆ ಅಪ್ಪ ಆ ಮಣ್ಣನ್ನೇ ಹಾಕುತ್ತಿದ್ದರು.

ಹಬ್ಬುವ ಬಳ್ಳಿಯದು ಬೇರೆ ದಾರಿ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಬೇಲಿಗಳನ್ನೆಲ್ಲ ಹೊದ್ದುಕೊಳ್ಳುವ ಒಂದು ಬಳ್ಳಿಗೆ ಮಲಯಾಳಿಗಳು ಧೃತರಾಷ್ಟ್ರ ಪಚ್ಚ ಎಂದು ಹೆಸರಿಟ್ಟಿದ್ದಾರೆ. ಅಪ್ಪಿಕೊಂಡು ಕೊಲ್ಲುವ ಧೃತರಾಷ್ಟ್ರ! ಅದರ ಒಂದು ಗೆಣ್ಣು ನೆಲಕ್ಕೆ ತಾಗಿದರೂ ಬೇರು ಬಿಡುತ್ತದೆ. ಅದನ್ನು ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ ಕಲ್ಲು ಹೇರಬೇಕು. ಸೊಳ್ಳೆ ಮೊಟ್ಟೆಯಿಡದಂತೆ ಬಾಯಿಗೆ ಬಟ್ಟೆ ಕಟ್ಟಬೇಕು. ತಿಂಗಳಾಗುವಾಗ ನಾತ ಸಹಿಸಲಾಗುವುದಿಲ್ಲ, ಆದರೆ ಆ ನೀರಿಗೆ ಹತ್ತು ಪಾಲು ನೀರು ಬೆರಸಿ ಹೊಯ್ದರೆ ಬಾಳೆ ಏಳುವ ರೀತಿ ನೋಡಬೇಕು.

ಎಲ್ಲಕ್ಕಿಂತ ಹಟಮಾರಿ ಕೊನ್ನಾರಿ. ಮೇಲಿನ ಹುಲ್ಲು ಕಿತ್ತರೆ ಗೆಡ್ಡೆ ಮಣ್ಣಿನೊಳಗೇ ಉಳಿದು ನಗುತ್ತದೆ. ಗೆಡ್ಡೆಯನ್ನು ಅಗೆದು ಹೆಕ್ಕಿ, ಒಗೆಯುವ ಕಲ್ಲಿನ ಮೇಲೆ ಹರಡಿ, ಉಗುರಿನಿಂದ ಮುರಿದರೆ ಗರಿಗರಿ ಎನ್ನುವ ತನಕ ಒಣಗಿಸಬೇಕು. ‘ಕೊನ್ನಾರಿಗೆ ಮಾತ್ರ ದಾಕ್ಷಿಣ್ಯ ಬೇಡ’ ಎನ್ನುತ್ತಿದ್ದರು.

ಕೊನೆಯದೊಂದು ಪಾಲು ರಾಶಿಗೂ ಹೋಗುತ್ತಿರಲಿಲ್ಲ, ಡ್ರಮ್ಮಿಗೂ ಹೋಗುತ್ತಿರಲಿಲ್ಲ; ನೇರ ಅಡುಗೆಕೋಣೆಗೆ. ನಾನು ಗೋಣಿ ತುಂಬಿ ಎಸೆದದ್ದರಲ್ಲಿ ಒಂದೆಲಗ ಇತ್ತು, ತಗಟೆ ಇತ್ತು, ನೆಲನೆಲ್ಲಿ ಇತ್ತು. ಆ ವರ್ಷದ ಆಟಿಯಲ್ಲಿ ಎಷ್ಟೋ ಕಾಲದ ಮೇಲೆ ಒಂದೆಲಗದ ತಂಬುಳಿ ಉಂಡೆ.

ಟೀಚರಿಗೂ ಅಪ್ಪನಿಗೂ ಸ್ನೇಹ ಬೆಳೆದದ್ದು ಇದರಿಂದಲೇ. ಕರ್ಕಡಗದಲ್ಲಿ ಅವರಿಗೆ ದಶಪುಷ್ಪ ಬೇಕು. ಹೆಸರಿಗೆ ಹತ್ತು ಹೂವು. ಹುಡುಕಲು ಹೊರಟರೆ ಕರುಕ, ಮುಕ್ಕುಟ್ಟಿ, ಚೆರೂಳ, ಮುಯಲ್‌ಚೆವಿಯನ್ ಎಂದು ಎಲ್ಲವೂ ನೆಲಕ್ಕಂಟಿದ ಸಣ್ಣ ಗಿಡಗಳು. ಕರುಕವೆಂದರೆ ನಮ್ಮ ಗರಿಕೆಯೇ. ಅವರು ಬೆಳಗಾದರೆ ಬುಟ್ಟಿ ಹಿಡಿದು ಹುಡುಕುತ್ತಿದ್ದುದು, ನಾನು ರಾತ್ರಿಯಾದರೆ ಗೋಣಿಯಲ್ಲಿ ಎಸೆಯುತ್ತಿದ್ದುದು, ಎರಡೂ ಒಂದೇ! ಆಮೇಲೆ ಅಪ್ಪ ಕಳೆಗೆ ಕೈ ಹಾಕುವ ಮೊದಲು ಗೋಡೆಯ ಬಳಿ ಹೋಗಿ ‘ಟೀಚರೇ’ ಎಂದು ಕರೆಯುವುದು ರೂಢಿಯಾಯಿತು. ಅಪ್ಪ ಒಂದೊಂದನ್ನೇ ಎತ್ತಿ ತೋರಿಸುವರು. ‘ನಾಚಿಕೆಮುಳ್ಳು’ ಎಂದರೆ ಅವರು ‘ತೊಟ್ಟಾವಾಡಿ’ ಎನ್ನುವರು. ನೆಲನೆಲ್ಲಿಗೆ ಕೀಳಾರ್‌ನೆಲ್ಲಿ. ಒಂದೆಲಗಕ್ಕೆ ಕುಡಂಗಲ್. ಕೊನ್ನಾರಿಗೆ ಮುತ್ತಂಗ. ತಗಟೆಗೆ ಅವರು ತಗರ ಎಂದರೆ ಅಪ್ಪ ‘ತುಳುವಿನಲ್ಲಿ ತಜಂಕ್’ ಎಂದು ಮೂರನೆಯದನ್ನೂ ಸೇರಿಸುವರು. ತುಂಬೆ ಮಾತ್ರ ಎರಡು ಕಡೆಯೂ ತುಂಬೆಯೇ. ಬಾಲದಲ್ಲಿ ಅಷ್ಟಿಷ್ಟು ವ್ಯತ್ಯಾಸ. ಮಲಯಾಳದ ಫಾರ್ಮುಗಳನ್ನು ನಮ್ಮ ಕನ್ನಡದ ಅಜ್ಜಿಯರಿಗೆ ತುಂಬಿಸಿಕೊಡುವುದು ಬ್ಯಾಂಕಿನಲ್ಲಿ ನನ್ನ ದಿನನಿತ್ಯದ ಕೆಲಸ. ಮನೆಯ ಗೋಡೆಯ ಮೇಲೆ ಆ ಕೆಲಸ ಫಾರ್ಮು ಇಲ್ಲದೆ ನಡೆಯುತ್ತಿತ್ತು. ಎರಡು ವರ್ಷ ಮಾತು ಬಿಟ್ಟಂತಿದ್ದ ಅಪ್ಪ ಈಗ ಮಾತಾಡುತ್ತಿದ್ದರು, ಅದೂ ತನ್ನದಲ್ಲದ ಭಾಷೆಯಲ್ಲಿ.

2018ರಲ್ಲಿ ನನಗೆ ಮತ್ತೆ ಆಲಸ್ಯ ಬಂತು. ಒಂದು ಡಬ್ಬಿ ಕಳೆನಾಶಕ ಹೊಡೆದರೆ ಹದಿನೈದು ದಿನದಲ್ಲಿ ಎಲ್ಲ ಸಫಾಯಿ ಎಂದು ಪರಿಚಯದವರೊಬ್ಬರು ಹೇಳಿದ್ದರು. ಅಪ್ಪನ ಮುಂದೆ ವಿಷಯ ಎತ್ತಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೆಲಿಕಾಪ್ಟರಿನಿಂದ ಬಿಟ್ಟದ್ದು ಸಾಲದಾ?’ ಎಂದರು.

ಪೆರ್ಲ, ಪಡ್ರೆಯ ಕಡೆಯವರಿಗೆ ಈ ಮಾತಿನ ಅರ್ಥ ವಿವರಿಸಬೇಕಾಗಿಲ್ಲ. ಗೇರುತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದದ್ದು 2000ನೆಯ ಇಸವಿಯವರೆಗೂ ನಡೆಯಿತು. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರಲ್ಲಿ. ಅಷ್ಟರೊಳಗೆ ಆ ಗುಡ್ಡಗಳ ಬುಡದ ಎಷ್ಟು ಮನೆಗಳಲ್ಲಿ ಏಳಲಾಗದ ಮಕ್ಕಳು ಮಲಗಿದ್ದರೆಂಬುದನ್ನು ಅಪ್ಪ ಮದುವೆ ಮುಂಜಿಗೆ ಹೋದಲ್ಲೆಲ್ಲ ಕಂಡವರು. ‘ಅದು ಕೀಟದ ಮದ್ದು ಅಪ್ಪಾ, ಇದು ಕಳೆಯದ್ದು. ಅದು ಬೇರೆ, ಇದು ಬೇರೆ’ ಎಂದೆ. ‘ಇರಬಹುದು’ ಎಂದರು. ‘ಏನೂ ಆಗುವುದಿಲ್ಲ ಅಂತ ಆಗಲೂ ಹೇಳಿದ್ದರು.’ ಮರುವರ್ಷ, 2019ರ ಫೆಬ್ರವರಿಯಲ್ಲಿ, ಗ್ಲೈಫೋಸೇಟ್ ಎಂಬ ಕಳೆನಾಶಕದ ಮಾರಾಟವನ್ನೂ ಬಳಕೆಯನ್ನೂ ಕೇರಳ ಸರಕಾರ ನಿಷೇಧಿಸಿತು. ಅಪ್ಪ ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಮಡಚಿಟ್ಟರು. ನನ್ನ ಹತ್ತಿರ ಏನೂ ಹೇಳಲಿಲ್ಲ. ಗೆದ್ದೆನೆಂದು ಹೇಳಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ.

ಈಗ ಯೋಚಿಸಿದರೆ ಅವರ ಲೆಕ್ಕ ನನ್ನ ಲೆಕ್ಕಕ್ಕಿಂತ ಸರಿಯಾಗಿತ್ತು. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಮುರಕಲ್ಲಿನ ನೆಲ ಜರಡಿಯ ಹಾಗೆ. ಸಾರವೆಲ್ಲ ನೀರಿನ ಜೊತೆ ಇಳಿದು ಹೋಗುತ್ತದೆ. ಮಳೆಗಾಲದಲ್ಲಿ ಕ್ಷಣದಲ್ಲಿ ಏಳುವ ಕಳೆ, ಹೋಗುವ ಸಾರವನ್ನು ಹಿಡಿದು ತನ್ನ ಮೈಯಲ್ಲಿ ಇಟ್ಟುಕೊಳ್ಳುತ್ತದೆ. ನಾಚಿಕೆಮುಳ್ಳಂತೂ ದ್ವಿದಳ ಜಾತಿಯದು. ಗಾಳಿಯ ಸಾರಜನಕವನ್ನೂ ಬೇರಿನ ಗಂಟುಗಳ ಮೂಲಕ ದುಡಿದು ತರುತ್ತದೆ. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ ಕಳೆಯೆಂಬುದು ಮಣ್ಣು ತನ್ನ ಹೆಸರಿನಲ್ಲೇ ಇಟ್ಟ ಠೇವಣಿ. ಅದನ್ನು ಕಣಿಗೆ ಸುರಿದು, ಮರುವಾರ ಪೇಟೆಯಿಂದ ಗೊಬ್ಬರದ ಚೀಲ ಹೊತ್ತು ತರುವವನನ್ನು ಏನೆನ್ನಬೇಕು? ನಾಲ್ಕು ವರ್ಷ ನಾನು ಮಾಡಿದ್ದು ಅದನ್ನೇ.

ನಮ್ಮ ಊರಿನಲ್ಲೇ ತೋಟದ ಬೆಳೆಗಳ ಸಂಶೋಧನಾಲಯವಿದೆ, ನಾವೆಲ್ಲ ಸಿಪಿಸಿಆರ್‌ಐ ಎಂದು ಕರೆಯುವುದು. 1916ರಲ್ಲಿ ತೆಂಗಿನ ಸಂಶೋಧನೆಗಾಗಿ ಆರಂಭವಾದದ್ದು. ಬೇಗ ಕೊಳೆಯದ ತೆಂಗಿನ ಗರಿಯನ್ನೂ ಎರೆಹುಳದಿಂದ ಗೊಬ್ಬರವಾಗಿಸುವ ವಿಧಾನವನ್ನು ಅಲ್ಲಿಯವರು ರೂಪಿಸಿದ್ದಾರೆ. ಅದನ್ನು ಕೇಳಿ ಅಪ್ಪ ನಮ್ಮ ರಾಶಿಗೂ ಹುಳ ಬಿಡಿಸಿದರು, ಕಾವು ಪೂರ್ತಿ ಇಳಿದ ಮೇಲೆ. ಬಿಸಿಯಿರುವಾಗ ಬಿಟ್ಟರೆ ಹುಳ ಉಳಿಯುವುದಿಲ್ಲ. ಈಗ ಹರಿತ ಕರ್ಮ ಸೇನೆಯ ಹೆಂಗಸರು ತಿಂಗಳಿಗೊಮ್ಮೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರೆ. ಸೊಪ್ಪು ಕಸ ಅವರು ಮುಟ್ಟುವುದಿಲ್ಲ, ಮುಟ್ಟಬೇಕಾಗಿಯೂ ಇಲ್ಲ. ನಮ್ಮ ಮನೆಯಿಂದ ಹೊರಗೆ ಹೋಗುವುದು ಆ ಒಂದು ಚೀಲ ಮಾತ್ರ.

2022ರ ಜನವರಿಯಲ್ಲಿ ಅಪ್ಪ ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ಒಂದು ಸಂಜೆ ಹಲಸಿನ ಅಡಿಗೆ ಹೋದೆ. ದೀಪಾವಳಿಯ ಹೊತ್ತಿಗೆ ಅವರು ಕಟ್ಟಿದ ರಾಶಿ ಇಳಿದು ಮೊಣಕಾಲೆತ್ತರ ಆಗಿತ್ತು. ಕೊಡೆಯ ಕಡ್ಡಿ ನಡುವಿನಲ್ಲಿ ಹಾಗೆಯೇ ಇತ್ತು. ಎಳೆದು ನೋಡಿದೆ. ತಣ್ಣಗಿತ್ತು. ಗೊಬ್ಬರ ಆಗಿತ್ತು. ಕೈಯಲ್ಲಿ ತೆಗೆದರೆ ಮಳೆ ಬಿದ್ದ ಮಣ್ಣಿನ ವಾಸನೆ. ಯಾವುದು ತುಂಬೆ, ಯಾವುದು ಗರಿಕೆ, ಯಾವುದು ಹಲಸಿನ ಎಲೆ ಎಂದು ಹೇಳುವ ಹಾಗಿರಲಿಲ್ಲ. ನಾಲ್ಕು ತೆಂಗಿಗೆ ಹಂಚಿ, ಟೀಚರಿಗೆ ಎರಡು ಬುಟ್ಟಿ ಕೊಟ್ಟೆ.

ಆ ವರ್ಷದ ಆಟಿಯಲ್ಲಿ ನಾನೊಬ್ಬನೇ ಮೊದಲ ರಾಶಿ ಕಟ್ಟಿದೆ. ಬಿಡುವಿರಲಿಲ್ಲ, ಬಿಸಿಲೂ ಇರಲಿಲ್ಲ. ಕೊನ್ನಾರಿಯನ್ನು ಒಣಗಿಸದೆ, ರಾಶಿಯ ಕಾವಿಗೆ ಸಾಯುತ್ತದೆ ಬಿಡು ಎಂದು ಬದಿಗೆ ತುರುಕಿದೆ. ನವೆಂಬರಿನಲ್ಲಿ ಗೊಬ್ಬರ ತೆಗೆದು ಬಸಳೆಯ ಬುಡಕ್ಕೆ ಹಾಕಿದೆ. ಪ್ರತಿ ಸಲದಂತೆ ಟೀಚರ ಹರಿವೆಯ ಸಾಲಿಗೂ ಎರಡು ಬುಟ್ಟಿ. ಮೂರು ವಾರವಾಗುವಾಗ ಬಸಳೆಯ ಬುಡದ ತುಂಬ ಕೊನ್ನಾರಿಯ ಸೂಜಿಗಳು ಎದ್ದು ನಿಂತವು. ಗೋಡೆಯಾಚೆ ಇಣುಕಿ ನೋಡಿದೆ. ಹರಿವೆಯ ಸಾಲಿನಲ್ಲಿಯೂ ಅದೇ.

ಟೀಚರ್ ಅದನ್ನು ಇನ್ನೂ ಗಮನಿಸಿರಲಿಲ್ಲ. ಗಮನಿಸಿದರೂ ಗೊಬ್ಬರದ ಮೇಲೆ ಸಂಶಯ ಪಡುತ್ತಿರಲಿಲ್ಲ. ಕೊನ್ನಾರಿ ಯಾರ ಹಿತ್ತಿಲಿನಲ್ಲಿ ಏಳುವುದಿಲ್ಲ? ಹಗಲು ಹತ್ತು ಗಂಟೆಯ ಹೊತ್ತು. ನಾನು ಬುಟ್ಟಿ ಹಿಡಿದುಕೊಂಡು ಅವರ ಗೇಟು ತೆರೆದು ಒಳಗೆ ಹೋದೆ. ‘ಟೀಚರೇ, ಈ ಮುತ್ತಂಗ ನಮ್ಮದು’ ಎಂದೆ. ಅವರು ಕನ್ನಡಕ ಹಾಕಿಕೊಂಡು ಸಾಲಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ‘ಅಚ್ಛನ್ ಇದನ್ನು ಕಲ್ಲಿನ ಮೇಲೆ ಒಣಗಿಸುತ್ತಿದ್ದರಲ್ಲ’ ಎಂದರು. ಇಬ್ಬರೂ ಕುಕ್ಕುರುಗಾಲಿನಲ್ಲಿ ಕುಳಿತು ಮಧ್ಯಾಹ್ನದವರೆಗೆ ಗೆಡ್ಡೆ ಹೆಕ್ಕಿದೆವು.

ಪೂರ್ತಿ ಹೋಗಿಲ್ಲ. ವರ್ಷ ವರ್ಷ ಕೆಲವು ಅಲ್ಲಲ್ಲಿ ಮುಖ ತೋರಿಸುತ್ತವೆ. ಈ ಭಾನುವಾರ ಟೀಚರ ಸಾಲಿನಲ್ಲಿ ಹನ್ನೊಂದು, ನಮ್ಮ ಬಸಳೆಯ ಬುಡದಲ್ಲಿ ಆರು ಸಿಕ್ಕಿದವು. ಹದಿನೇಳನ್ನೂ ತಂದು ಒಗೆಯುವ ಕಲ್ಲಿನ ಮೇಲೆ ಒಣಗಲು ಹಾಕಿದ್ದೇನೆ.